ಕಳೆದುಹೋದ ಆನೆ ಕೇಳುವ ಮಗುವಿಗೆ ಕಾಣಿಸುತ್ತಿರಲಿ

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಅವಳ ಹತ್ತಿರ ಚನ್ನಪಟ್ಟಣದ ಒಂದು ಮರದ ಆನೆ ಇತ್ತು. ಕೆಂಪು ಮೈ, ನಾಲ್ಕು ಹಳದಿ ಗಾಲಿ, ಎಳೆಯೋಕೆ ಒಂದು ದಾರ. ಹಲ್ಲು ಬರುವಾಗ ಅದರ ಸೊಂಡಿಲನ್ನೇ ಕಚ್ಚಿ ಕಚ್ಚಿ ಗುರುತು ಮಾಡಿದ್ದಳು. ಬಸವನಗುಡಿಯ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ಅದು ಎಲ್ಲೋ ಬಿದ್ದುಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಆಮೇಲಿಂದ ಮಲಗುವ ಹೊತ್ತಿಗೆ "ಈಗ ಆನೆ ಎಲ್ಲಿದೆ?" ಅಂತ ಕೇಳುತ್ತಾಳೆ, ನಾನು ಏನಾದರೂ ಕಥೆ ಕಟ್ಟಿ ಹೇಳುತ್ತೇನೆ. ಅದನ್ನೆಲ್ಲ ಸೇರಿಸಿ ಚಿತ್ರಪುಸ್ತಕ ಮಾಡೋಣ ಅಂತ ಬರೆದೆ. ಹದಿನಾಲ್ಕು ಪುಟ ಆಯಿತು, ಜೊತೆಗೆ ಕಳಿಸಿದ್ದೇನೆ. ಆನೆ ಮಳೆನೀರಿನಲ್ಲಿ ತೇಲಿಕೊಂಡು ತನ್ನ ಊರು ಚನ್ನಪಟ್ಟಣಕ್ಕೆ ಹೋಗುತ್ತದೆ. ಕೊನೆಗೆ ಅಪ್ಪ ಅಂಗಡಿಯಿಂದ ಅಂಥದ್ದೇ ಆನೆ ತಂದುಕೊಡುತ್ತಾರೆ. ಮಗಳಿಗೆ ಓದಿ ಹೇಳಿದರೆ ಕೊನೆಯಲ್ಲಿ ಮುಖ ತಿರುಗಿಸಿಕೊಂಡಳು. ಎಲ್ಲಿ ಎಡವಿದೆ? ಆನೆ ಸಿಗಲೇಬೇಕಾ? ಚಿತ್ರ ನಾನೇ ಬರೆಯಬೇಕಾ? ಯಾರಿಗೆ ಕಳಿಸಬೇಕು?
— ಹನುಮಂತನಗರದ ಒಬ್ಬ ತಾಯಿ

ಉತ್ತರ: ಕೊನೆಯಿಂದಲೇ ಶುರು ಮಾಡುತ್ತೇನೆ. ಮಗಳು ಮುಖ ತಿರುಗಿಸಿಕೊಂಡಿದ್ದು ಅಲ್ಲೇ ಅಲ್ವಾ?

ನಿಮ್ಮ ಕಥೆಯ ಅಪ್ಪ ಅಂಗಡಿಗೆ ಹೋಗಿ ಅಂಥದ್ದೇ ಆನೆ ತರುತ್ತಾರೆ. ಹುಡುಗಿ ಕುಣಿದಾಡುತ್ತಾಳೆ. ದೊಡ್ಡವರಿಗೆ ಇದು ಸರಿಯಾಗಿಯೇ ಕಾಣುತ್ತದೆ. ಒಂದು ಹೋಯಿತು, ಒಂದು ಬಂತು, ಲೆಕ್ಕ ಚುಕ್ತಾ. ಮಗುವಿಗೆ ಹಾಗಲ್ಲ. ಅವಳ ಆನೆಯ ಸೊಂಡಿಲಿನ ಮೇಲೆ ಅವಳದೇ ಹಲ್ಲಿನ ಗುರುತಿತ್ತು. ಹೊಸದಕ್ಕೆ ಅದಿಲ್ಲ. ಬ್ರಿಟನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ 1951ರಲ್ಲಿ ಈ ಬಗ್ಗೆ ಒಂದು ಪ್ರಬಂಧ ಓದಿದರು. ಮಗು ಬಿಡದೆ ಜೊತೆಗಿಟ್ಟುಕೊಳ್ಳುವ ಕಂಬಳಿ ತುಂಡು, ಗೊಂಬೆ, ಇಂಥವುಗಳ ಬಗ್ಗೆ. ಅದು ಕೊಳೆಯಾಗಿ ವಾಸನೆ ಬಂದರೂ ತಾಯಂದಿರು ಒಗೆಯದೆ ಹಾಗೇ ಬಿಡುತ್ತಾರೆ, ಒಗೆದರೆ ಮಗುವಿಗೆ ಅದು ಬೇರೆಯದೇ ಆಗಿಬಿಡಬಹುದು ಅನ್ನುತ್ತಾರೆ ಅವರು. ಒಗೆದರೇ ಹೀಗೆ. ಇನ್ನು ಅಂಗಡಿಯಿಂದ ತಂದ ಬದಲಿ ಆನೆಯ ಗತಿ ಕೇಳುವುದೇ ಬೇಡ.

ತಮಾಷೆ ಅಂದರೆ, ಆ ಹಲ್ಲಿನ ಗುರುತಿನ ಮಾತು ಪತ್ರದಲ್ಲಿ ಇದೆ, ಕಥೆಯಲ್ಲಿ ಎಲ್ಲೂ ಇಲ್ಲ. ಕಥೆಯಲ್ಲಿ ಇರುವುದು "ಒಂದು ಮುದ್ದಾದ ಆನೆ". ಮುದ್ದಾದ ಆನೆ ಊರಿಗೆಲ್ಲ ಇದೆ. ಸೊಂಡಿಲು ಕಚ್ಚಿಸಿಕೊಂಡ ಆನೆ ಒಂದೇ. ಮೊದಲ ಪುಟದಲ್ಲೇ ಅದನ್ನು ಹತ್ತಿರದಿಂದ ತೋರಿಸಿ. ಚಿಕ್ಕ ಹುಡುಗಿ, ಬಾಯಲ್ಲಿ ಸೊಂಡಿಲು, ಗಲ್ಲದ ಮೇಲೆ ಜೊಲ್ಲು. ಬಣ್ಣ ಎದ್ದು ಒಳಗಿನ ಬಿಳಿ ಮರ ಕಾಣುವ ಪುಟ್ಟ ಪುಟ್ಟ ಗುಳಿಗಳು. ಆಮೇಲೆ ಆನೆ ಎಲ್ಲಿ ಹೋದರೂ ಮಗು ಅದನ್ನು ಗುರುತು ಹಿಡಿಯುವುದು ಇದರಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ಪುಸ್ತಕದಲ್ಲಿ ಆಟಿಕೆ ಕಳೆದುಹೋಗುವುದು ಯಾರಿಗೆ? ಕಥೆಯ ಹುಡುಗಿಗೆ. ಅವಳ ಅಮ್ಮನಿಗೆ, ಅಪ್ಪನಿಗೆ, ಅಜ್ಜಿಗೆ. ತೊಡೆಯ ಮೇಲೆ ಕೂತು ಕೇಳುವ ಮಗುವಿಗೆ ಮಾತ್ರ ಅದು ಒಂದು ಪುಟದಲ್ಲೂ ಕಳೆದುಹೋಗಬಾರದು. ಅವಳಿಗೆ ಕಾಣುತ್ತಲೇ ಇರಬೇಕು. ಮೂಲೆಯಲ್ಲೋ, ಬುಟ್ಟಿಯ ಹಿಂದೋ, ಯಾರದೋ ಕಾಲ ಸಂದಿಯಲ್ಲೋ, ಅರ್ಧ ಕಿವಿಯೋ ಒಂದು ಗಾಲಿಯೋ. ಕಥೆಯ ಹುಡುಗಿ ಹುಡುಕುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು! ಐದು ವರ್ಷದ ಮಗುವಿಗೆ ಈ ಭಾಗ್ಯ ದಿನದಲ್ಲಿ ಎಷ್ಟು ಸಲ ಸಿಗುತ್ತದೆ ಹೇಳಿ? ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಅವಳಿಗೊಬ್ಬಳಿಗೇ ಗೊತ್ತಿರುವುದಿಲ್ಲ. ಈ ಪುಸ್ತಕ ಹಿಡಿದಾಗ ಅದು ತಲೆಕೆಳಗಾಗುತ್ತದೆ. ನಿಮ್ಮ ಮಗಳು ರಾತ್ರಿ ಕೇಳುವುದೂ ಇದನ್ನೇ ಗಮನಿಸಿ. ಆನೆ ಸಿಗುತ್ತಾ ಅಂತ ಅವಳು ಕೇಳುತ್ತಿಲ್ಲ. ಎಲ್ಲಿದೆ ಅಂತ ಕೇಳುತ್ತಿದ್ದಾಳೆ.

ಇದನ್ನು ಒಪ್ಪಿಕೊಂಡರೆ ನಿಮ್ಮ ಹದಿನಾಲ್ಕು ಪುಟದಲ್ಲಿ ಮುಕ್ಕಾಲು ಪಾಲು ತಾನಾಗಿ ಉದುರುತ್ತದೆ. ನೀವು ಬರೆದ ಒಂದು ತುಂಡು ನೋಡಿ: "ಕಡಲೆಕಾಯಿಯ ದೊಡ್ಡ ರಾಶಿಯೊಳಗೆ ಬಿದ್ದ ಆನೆಗೆ ತುಂಬಾ ದುಃಖವಾಯಿತು. ಅಯ್ಯೋ, ನನ್ನ ಪುಟ್ಟಿ ಎಲ್ಲಿ ಹೋದಳು ಎಂದು ಅದು ಕಣ್ಣೀರು ಹಾಕಿತು. ಅಷ್ಟರಲ್ಲಿ ಪುಟ್ಟಿ ಅಳುತ್ತಾ ಅದೇ ರಾಶಿಯ ಮುಂದೆ ಬಂದಳು. ಆದರೆ ಆನೆ ಅವಳಿಗೆ ಕಾಣಲಿಲ್ಲ." ಇಲ್ಲಿ ಎಲ್ಲವನ್ನೂ ಮಾತೇ ಹೇಳಿಬಿಟ್ಟಿದೆ. ಚಿತ್ರಕ್ಕೆ ಕೆಲಸ ಉಳಿದಿಲ್ಲ. ಇದರ ಬದಲು ಪುಟದ ಮೇಲೆ ಇಷ್ಟೇ ಇರಲಿ:

ಪುಟ್ಟಿ ಅಮ್ಮನ ಚೀಲದಲ್ಲಿ ನೋಡಿದಳು. ಇಲ್ಲ.
ಅಪ್ಪನ ಜೇಬಿನಲ್ಲಿ ನೋಡಿದಳು. ಇಲ್ಲ.

ಚಿತ್ರದಲ್ಲಿ ಅವಳ ಬೆನ್ನ ಹಿಂದೆಯೇ ಕಡಲೆಕಾಯಿ ರಾಶಿ, ರಾಶಿಯಿಂದ ಹೊರಗೆ ಇಣುಕುವ ಕೆಂಪು ಸೊಂಡಿಲು. ಸೇರಿನಲ್ಲಿ ಅಳೆಯುತ್ತಿರುವವನಿಗೂ ಅದು ಕಂಡಿಲ್ಲ. ನೀವು "ಇಲ್ಲ" ಅಂದ ತಕ್ಷಣ ಮಗಳು "ಇದೆ!" ಅಂತ ಕೂಗುತ್ತಾಳೆ. ಎರಡನೇ "ಇಲ್ಲ"ಕ್ಕೆ ಇನ್ನೂ ಜೋರಾಗಿ. ಚಿತ್ರಪುಸ್ತಕದ ಕೆಲಸ ಅಂದರೆ ಇದೇ. ಮಾತು ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ, ಎರಡರ ನಡುವೆ ಮಗು ಇರುತ್ತದೆ.

ಆನೆ ಮಾತಾಡುವುದೂ ಬೇಡ ಅಂತ ನನ್ನ ಅಭಿಪ್ರಾಯ. ಮಾತಾಡುವ ಆಟಿಕೆಯ ಪುಸ್ತಕಗಳು ಚೆನ್ನಾಗಿರುವುದಿಲ್ಲ ಅಂತಲ್ಲ. ಆದರೆ ನಿಮ್ಮದು ಮರದ ಆನೆ. ಅದಕ್ಕೆ ರೆಪ್ಪೆ ಮುಚ್ಚಲು ಬರುವುದಿಲ್ಲ, ಬಾಯಿ ಬರೀ ಒಂದು ಗೆರೆ. ಮುಖ ಎಲ್ಲ ಪುಟದಲ್ಲೂ ಒಂದೇ ಥರ ಇರಲಿ. ಸುತ್ತ ಏನು ನಡೆಯುತ್ತಿದೆ ಅನ್ನುವುದರ ಮೇಲೆ ಅದೇ ಮುಖ ಒಮ್ಮೆ ಹೆದರಿದ ಹಾಗೆ, ಒಮ್ಮೆ ನಗುವ ಹಾಗೆ ಕಾಣುತ್ತದೆ. ಹಾಗೆ ಕಾಣುವುದು ಮಗುವಿನ ಕಣ್ಣಿಗೆ. ಆ ಕೆಲಸವನ್ನು ಅವಳೇ ಮಾಡಲಿ.

ಆಟಿಕೆ ಯಾವುದರಿಂದ ಮಾಡಿದ್ದು ಅನ್ನುವುದನ್ನು ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಕಥೆ ಹುಟ್ಟುವುದು ಅಲ್ಲಿಂದಲೇ. ಬಟ್ಟೆಯ ಗೊಂಬೆ ನೆನೆಯುತ್ತದೆ, ಹರಿಯುತ್ತದೆ, ಯಾರೋ ಹೊಲಿಯುತ್ತಾರೆ. ಪ್ಲಾಸ್ಟಿಕ್ ಕಾರಿನ ಬ್ಯಾಟರಿ ಮುಗಿಯುತ್ತದೆ. ಚನ್ನಪಟ್ಟಣದ ಆನೆ ಆಲೆ ಮರದ್ದು. ಹಗುರ, ನಯ. ಲೇತಿನ ಮೇಲೆ ಮರ ಗಿರ್ರನೆ ತಿರುಗುವಾಗ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಅಂದರೆ ನಿಮ್ಮ ಆನೆ ಮಳೆಗೆ ಬಣ್ಣ ಬಿಡುವುದಿಲ್ಲ. ರಾಜರತ್ನಂ ಅವರ ತುತ್ತೂರಿ ನೀರಿಗೆ ಬಿದ್ದು ಬೋಳಾಯಿತು, ಸರಿ, ಅದು ತಗಡಿಗೆ ಹಚ್ಚಿದ ಬಣ್ಣ. ಅರಗು ನೀರಿಗೆ ಕರಗುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ. ನಿಮ್ಮ ಆರನೇ ಪುಟದಲ್ಲಿ "ಮಳೆಯಲ್ಲಿ ಬಣ್ಣವೆಲ್ಲ ಕರಗಿ ಆನೆ ಬಿಳಿಯಾಯಿತು" ಅಂತಿದೆ. ಆ ಸಾಲು ತೆಗೆಯಿರಿ. ಇದರ ಬದಲು ಗಾಲಿ ಮುರಿಯಲಿ. ಎಳೆಯುವ ಆಟಿಕೆಯಲ್ಲಿ ಮೊದಲು ಹೋಗುವುದು ಅದೇ. ಮೂರು ಗಾಲಿಯ ಆನೆ ನೆಟ್ಟಗೆ ನಿಲ್ಲುವುದಿಲ್ಲ, ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿಕೊಂಡು ನಿಂತ ಆನೆಯನ್ನು ನೋಡಿದರೇ ಮಗುವಿಗೆ ಅಯ್ಯೋ ಅನ್ನಿಸುತ್ತದೆ. ದುಃಖ ಅಂತ ಬರೆಯುವುದೇ ಬೇಕಾಗುವುದಿಲ್ಲ.

ನೀರಿನಲ್ಲಿ ತೇಲುವ ವಿಷಯಕ್ಕೆ ಬರುತ್ತೇನೆ. ಮರ ತೇಲುತ್ತದೆ, ಅದು ಸರಿ. ಆದರೆ ಎಲ್ಲಿಗೆ? ಬೆಂಗಳೂರು ಕೂತಿರುವುದು ಏಣಿನ ಮೇಲೆ, ಅಂದರೆ ಎರಡೂ ಕಡೆ ಇಳಿಜಾರಿರುವ ಉದ್ದನೆಯ ದಿಬ್ಬದ ಮೇಲೆ. ಮಳೆನೀರು ಏಣಿನ ಯಾವ ಕಡೆ ಬಿದ್ದರೆ ಆ ಕಡೆಯ ಕಣಿವೆಗೆ ಇಳಿಯುತ್ತದೆ. ದೊಡ್ಡ ಬಸವಣ್ಣನ ಗುಡಿ ಇರುವುದು ವೃಷಭಾವತಿಯ ಕಡೆ. ಆ ನದಿ ಬಸವಣ್ಣನ ಪಾದದಲ್ಲೇ ಹುಟ್ಟುತ್ತದೆ ಅನ್ನುವ ನಂಬಿಕೆ ಹಳೆಯದು. ಅಲ್ಲಿಂದ ಮೈಸೂರು ರಸ್ತೆ, ಗಾಳಿ ಆಂಜನೇಯನ ಗುಡಿ, ಕೆಂಗೇರಿ, ಆಮೇಲೆ ಬಿಡದಿ ಹತ್ತಿರದ ಬೈರಮಂಗಲ ಕೆರೆ, ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಚನ್ನಪಟ್ಟಣ ಈ ದಾರಿಯಲ್ಲಿ ಇಲ್ಲ. ಅಲ್ಲಿಯ ಹೊಳೆ ಕಣ್ವ, ಅದರ ಪಾಡಿಗೆ ಅದು ಹೋಗಿ ಶಿಂಷಾ ಸೇರುತ್ತದೆ. ಹಾಗಾಗಿ ನಿಮ್ಮ ಆನೆ ನೀರಿನ ದಾರಿಯಲ್ಲಿ ಹೋದರೆ ಕಾವೇರಿಗೆ ಹೋಗಬಹುದೇ ಹೊರತು ಹುಟ್ಟೂರಿಗಲ್ಲ. ಅದೇ ಆನೆ ಲಾಲ್‌ಬಾಗ್‌ನ ಆಚೆ, ಕೋರಮಂಗಲದ ಕಡೆ ಬಿದ್ದಿದ್ದರೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ ಹೋಗುತ್ತಿತ್ತು.

"ಮಕ್ಕಳ ಕಥೆಗೆ ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ಐದು ವರ್ಷದವರಿಗೆ ನಕ್ಷೆ ಬೇಡ, ನಿಜ. ಆದರೆ ಊರಿನ ಹೆಸರು ಹಾಕಿದ ಮೇಲೆ ಆ ಊರು ಸರಿಯಾಗಿ ಇರಬೇಕು. ಸುಮ್ನೆ "ಹರಿಯುತ್ತಾ ಹರಿಯುತ್ತಾ ಚನ್ನಪಟ್ಟಣ ಸೇರಿತು" ಅಂದರೆ ಅದು ಯಾವ ಊರಿನ ಕಥೆಯೂ ಆಗುವುದಿಲ್ಲ. ವೃಷಭಾವತಿಯನ್ನು ನಿಜವಾಗಿ ಇಟ್ಟರೆ ಒಂದು ಒಳ್ಳೆಯ ಜೋಡಿಪುಟ ಸಿಗುತ್ತದೆ ನೋಡಿ. ಕಪ್ಪು ನೀರು, ನೊರೆ, ಮೇಲೆ ಮೈಸೂರು ರಸ್ತೆ. ಬಸ್ಸಿನಲ್ಲಿ, ಸ್ಕೂಟರಿನಲ್ಲಿ, ಆಟೋದಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡಿದ್ದಾರೆ. ಆನೆಯ ಮೂಗು ಅಷ್ಟುದ್ದ. ಅದು ಹೇಗೆ ಮುಚ್ಚಿಕೊಳ್ಳಬೇಕು? ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕೊಳಚೆ ನೀರನ್ನು ನೀಲಿ ನೀರು ಮಾಡಿ ಬರೆಯಬೇಡಿ. ಆ ರಸ್ತೆಯಲ್ಲಿ ಓಡಾಡುವ ಮಗುವಿಗೆ ವಾಸನೆ ಗೊತ್ತಿದೆ.

ಇಷ್ಟು ಹೇಳಿದ ಮೇಲೂ ನಾನಾಗಿದ್ದರೆ ನೀರಿನ ದಾರಿ ಹಿಡಿಯುತ್ತಿರಲಿಲ್ಲ. ಯಾಕೆಂದರೆ ನೀರಿಗೆ ಕೈಯಿಲ್ಲ. ಆಟಿಕೆಯ ಪ್ರಯಾಣದಲ್ಲಿ ಮಗು ನೋಡಬೇಕಾದದ್ದು ಅದನ್ನು ಎತ್ತಿಕೊಳ್ಳುವ ಕೈಗಳನ್ನು. ಕಳೆದುಹೋದ ವಸ್ತುವನ್ನು ಯಾರೋ ಒಳ್ಳೆಯವರು ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನ ಅವಳಿಗೆ ಅಲ್ಲಿಂದ ಬರುತ್ತದೆ.

ಪರಿಷೆಯಲ್ಲೇ ಅಂಥ ಕೈಗಳು ಬೇಕಾದಷ್ಟಿವೆ. ಕಾರ್ತಿಕದ ಕೊನೆಯ ಸೋಮವಾರ. ಬುಲ್ ಟೆಂಪಲ್ ರಸ್ತೆ ತುಂಬ ಕಡಲೆಕಾಯಿ, ಬತ್ತಾಸು, ಬಳೆ, ಬಲೂನು. ರಾತ್ರಿ ಜನ ಕರಗಿದ ಮೇಲೆ ರಸ್ತೆ ಕಾಣದಷ್ಟು ಸಿಪ್ಪೆ. ಬೆಳಗಿನ ಜಾವ ಪೌರಕಾರ್ಮಿಕ ಅಕ್ಕ ಪೊರಕೆ ಎಳೆದಾಗ ಸಿಪ್ಪೆಯ ಜೊತೆ ಗಡಗಡ ಅಂತ ಏನೋ ಬರುತ್ತದೆ. ಎತ್ತಿ ನೋಡುತ್ತಾಳೆ. ಹಸಿ ಕಸವಾ, ಒಣ ಕಸವಾ? ಬೆಂಗಳೂರಿನ ಯಾವ ಮಗುವಿಗೂ ಈ ಪ್ರಶ್ನೆ ಅರ್ಥವಾಗುತ್ತದೆ. ಮನೆ ಮುಂದೆ ದಿನಾ ಬರುವ ಆಟೋ ಇದನ್ನೇ ಕೇಳುತ್ತದೆ. ಅಕ್ಕ ಯೋಚಿಸಿ, ಸೆರಗಿನಿಂದ ಒರೆಸಿ, ಒಂದು ಜಗಲಿಯ ಮೇಲೆ ಇಡುತ್ತಾಳೆ. ಮಾತು: "ಹಸಿಯೂ ಅಲ್ಲ. ಒಣದೂ ಅಲ್ಲ." ಸಾಕು.

ಅಲ್ಲಿಗೆ ಗೊಂಬೆ ಮಾರುವವನು ಬರುತ್ತಾನೆ. ಮಿಕ್ಕ ಮಾಲು ಗೋಣಿಚೀಲಕ್ಕೆ ತುಂಬುತ್ತಿದ್ದಾನೆ. ಜಗಲಿಯ ಮೇಲಿನ ಆನೆ ಕಂಡಿತು. ತನ್ನ ರಾಶಿಯಿಂದಲೇ ಉರುಳಿದ್ದು ಅಂದುಕೊಂಡು ಚೀಲಕ್ಕೆ ಹಾಕಿದ. ಮುಗಿಯಿತಲ್ಲ! ಆನೆ ಚನ್ನಪಟ್ಟಣಕ್ಕೆ ಹೊರಟಿತು. ಹೊಳೆ ಬೇಡ, ಪವಾಡ ಬೇಡ. ಮೈಸೂರು ಕಡೆಯ ರೈಲು, ಸೀಟಿನ ಕೆಳಗೆ ಗೋಣಿಚೀಲ, ಚೀಲದ ತೂತಿನಿಂದ ಹೊರಗೆ ಒಂದು ಸೊಂಡಿಲು. ಕೆಂಗೇರಿ, ಬಿಡದಿ, ರಾಮನಗರ. ಬಿಡದಿಯಲ್ಲಿ ತಟ್ಟೆ ಇಡ್ಲಿ ಹತ್ತುತ್ತದೆ. ಡಬ್ಬಿಯೊಳಗೆ ಎಲ್ಲರೂ ತಿನ್ನುತ್ತಿದ್ದಾರೆ, ಎದುರು ಸೀಟಿನ ಪುಟ್ಟ ಮಗುವೊಂದು ಮಾತ್ರ ತಿನ್ನುವುದು ಬಿಟ್ಟು ಸೀಟಿನ ಕೆಳಗೆ ನೋಡುತ್ತಿದೆ. ರಾಮನಗರದ ಬಂಡೆಗಳು ಕಿಟಕಿಯಲ್ಲಿ. ಬಂಡೆಗಳಲ್ಲಿ ಒಂದು ಮಲಗಿದ ಆನೆಯ ಹಾಗೆ ಕಂಡರೆ ಚಿತ್ರಕಾರರಿಗೂ ಖುಷಿ.

ಚನ್ನಪಟ್ಟಣದಲ್ಲಿ ಚೀಲ ಸುರಿದಾಗ ಗುಟ್ಟು ಬಯಲಾಗುತ್ತದೆ. ಹಲ್ಲಿನ ಗುರುತು. ಇದು ಮಾರುವ ಮಾಲಲ್ಲ, ಯಾರದೋ ಮಗುವಿನದು. ಲೇತಿನವನು ಹೊಸ ಗಾಲಿ ಕಡೆದು ಹಾಕುತ್ತಾನೆ. ಅವತ್ತು ಅವನ ಕೈಯಲ್ಲಿದ್ದದ್ದು ಹಸಿರು ಅರಗು. ಹಾಗಾಗಿ ಮೂರು ಹಳದಿ, ಒಂದು ಹಸಿರು. ಸೊಂಡಿಲನ್ನು ಮಾತ್ರ ಮುಟ್ಟುವುದಿಲ್ಲ. ಈ ಲೇತಿನ ಪುಟಕ್ಕೆ ಜಾಗ ಧಾರಾಳವಾಗಿ ಕೊಡಿ. ತಿರುಗುವ ಮರ, ಸುರುಳಿ ಸುರುಳಿ ಹಾರುವ ಹೊಟ್ಟು, ಬಣ್ಣದ ಕಡ್ಡಿಗಳ ಸಾಲು. ಸಾಧ್ಯವಾದರೆ ಬರೆಯುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಅರವತ್ತು ಕಿಲೋಮೀಟರ್ ಅಷ್ಟೇ. ಮಗಳನ್ನೂ ಕರೆದುಕೊಂಡು ಹೋಗಿ.

ಇತ್ತ ಪುಟ್ಟಿಯ ಮನೆಯಲ್ಲಿ ಏನಾಗುತ್ತಿದೆ? ನಿಮ್ಮ ಬರಹದಲ್ಲಿ ಅವಳು ಮೊದಲ ಪುಟದಲ್ಲಿ ಅತ್ತು ಕೊನೆಯ ಪುಟದಲ್ಲಿ ನಗುತ್ತಾಳೆ, ನಡುವೆ ಪತ್ತೆಯೇ ಇಲ್ಲ. ಎರಡು ದಾರಿಯೂ ಜೊತೆಯಲ್ಲಿ ಸಾಗಲಿ. ಎಡಪುಟದಲ್ಲಿ ಪುಟ್ಟಿ, ಬಲಪುಟದಲ್ಲಿ ಆನೆ. ಅವಳು ಅಕ್ಕಿ ಡಬ್ಬದಲ್ಲಿ ಹುಡುಕುತ್ತಾಳೆ, ಮಂಚದ ಕೆಳಗೆ ಹುಡುಕುತ್ತಾಳೆ. ಆಮೇಲೆ ಹುಡುಕುವುದು ಕಡಿಮೆಯಾಗುತ್ತದೆ. ಯೂನಿಫಾರ್ಮ್ ಬರುತ್ತದೆ, ಶಾಲೆ ಬರುತ್ತದೆ, ಜುಟ್ಟು ಉದ್ದವಾಗುತ್ತದೆ. ಒಂದು ಪುಟದಲ್ಲಿ ಅವಳ ಕೆಳಗಿನ ಮುಂದಿನ ಹಾಲುಹಲ್ಲು ಬೀಳುತ್ತದೆ. ಆರರ ಆಸುಪಾಸಿನಲ್ಲಿ ಮೊದಲು ಬೀಳುವುದು ಅದೇ. ಆನೆಯನ್ನು ಕಚ್ಚಿದ ಹಲ್ಲೂ ಅದೇ! ಇದನ್ನು ಮಾತಿನಲ್ಲಿ ಹೇಳಬೇಡಿ. ಕಂಡುಹಿಡಿದವರು ಕಂಡುಹಿಡಿಯಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಆನೆ ಸಿಗಲೇಬೇಕಾ? ಸಿಗಬೇಕು, ಆದರೆ ಕೇಳುವ ಮಗುವಿಗೆ. ಕಥೆಯ ಪುಟ್ಟಿಗೆ ಸಿಗಬೇಕು ಅಂತೇನಿಲ್ಲ. ಮುಂದಿನ ಕಾರ್ತಿಕ. ಮತ್ತೆ ಪರಿಷೆ. ಗೊಂಬೆಯವನು ಅದೇ ಜಾಗದಲ್ಲಿ ಅಂಗಡಿ ಹಾಕಿದ್ದಾನೆ. ಹಲ್ಲಿನ ಗುರುತಿನ ಆನೆಯನ್ನು ಮಾರಾಟಕ್ಕಿಟ್ಟಿಲ್ಲ, ಯಾರಾದರೂ ಕೇಳಿಕೊಂಡು ಬಂದರೆ ಅಂತ ದಾರ ಕಟ್ಟಿ ಮುಂದುಗಡೆ ಮೇಲೆ ನೇತುಹಾಕಿದ್ದಾನೆ. ಅದರ ಕೆಳಗೇ ಪುಟ್ಟಿ ನಿಂತಿದ್ದಾಳೆ. ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಒಂದು ಹಲ್ಲಿಲ್ಲದ ನಗು, ಕಣ್ಣು ಎದುರಿನ ಬಲೂನಿನ ಕಡೆ. ಆ ಜೋಡಿಪುಟದಲ್ಲಿ ಒಂದಕ್ಷರವೂ ಬೇಡ. ನಿಮ್ಮ ಮಗಳು ಸುಮ್ಮನೆ ಕೂತಿರುತ್ತಾಳಾ? "ಮೇಲೆ ನೋಡೇ!" ಅಂತ ಕಿರುಚುತ್ತಾಳೆ. ಪುಟ್ಟಿ ಮೇಲೆ ನೋಡಿದಳಾ ಇಲ್ಲವಾ ಅನ್ನುವುದನ್ನು ಆಮೇಲೆ ಅವಳೇ ತೀರ್ಮಾನಿಸುತ್ತಾಳೆ. ದಿನಕ್ಕೊಂದು ಥರ ತೀರ್ಮಾನಿಸಿದರೂ ಸರಿ.

ಇದರಲ್ಲಿ ಒಂದು ಅಪಾಯ ಇದೆ. ಮುಂದಿನ ಪರಿಷೆಗೆ ಹೋದಾಗ ಮಗಳು ಪ್ರತಿ ಗೊಂಬೆ ಅಂಗಡಿಯ ಮೇಲೂ ಕತ್ತೆತ್ತಿ ನೋಡುತ್ತಾಳೆ. ನೋಡಲಿ. ಆದರೆ ಮನೆಯಲ್ಲಿ ಕೇಳಿದಾಗ ನಮ್ಮ ಆನೆ ಸಿಗಲಿಲ್ಲ, ಇದು ನಾವು ಕಟ್ಟಿದ ಕಥೆ ಅಂತ ನೇರವಾಗಿ ಹೇಳಿ. ಈ ವಯಸ್ಸಿನವರಿಗೆ ಆಟ ಯಾವುದು, ನಿಜ ಯಾವುದು ಅಂತ ನಾವು ಅಂದುಕೊಳ್ಳುವುದಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರಿಗೆ ಕೋಪ ಬರುವುದು ನಿಜದ ಜಾಗದಲ್ಲಿ ಆಟವನ್ನು ಇಟ್ಟು ಕಣ್ಣು ಕಟ್ಟಲು ನೋಡಿದಾಗ. ಅಂಥದ್ದೇ ಆನೆ ತಂದು ಇದೇ ಅದು ಅಂದಾಗ.

ಅಳತೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ, ನಮ್ಮಲ್ಲಿ 16 ಮತ್ತು 24 ಪುಟದವೂ ಜಾಸ್ತಿ. ಇದು ಪ್ರೆಸ್ಸಿನ ಲೆಕ್ಕ. ದೊಡ್ಡ ಹಾಳೆಯ ಎರಡೂ ಕಡೆ ಅಚ್ಚು ಹಾಕಿ ಮಡಿಸಿದರೆ 16 ಪುಟದ ಒಂದು ಫಾರಂ. ಎರಡು ಫಾರಂ ಅಂದರೆ 32. ಹೆಸರಿನ ಪುಟ, ಪ್ರಕಾಶಕರ ವಿವರದ ಪುಟ ಕಳೆದರೆ ಕಥೆಗೆ ಹದಿಮೂರು ಹದಿನಾಲ್ಕು ಜೋಡಿಪುಟ ಉಳಿಯುತ್ತವೆ. ಮಾತು ಐನೂರು ಪದ ದಾಟದಿರಲಿ. ಮುನ್ನೂರಾದರೆ ಇನ್ನೂ ಒಳ್ಳೆಯದು.

ಈಗಲೇ ಒಂದು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಮಾಡಿ. ಎಂಟು ಖಾಲಿ ಹಾಳೆ ಒಟ್ಟಿಗೆ ಮಡಿಸಿ ನಡುವೆ ಪಿನ್ ಹೊಡೆದರೆ 32 ಪುಟ ಆಯಿತು. ಪೆನ್ಸಿಲಿನಲ್ಲಿ ಕಡ್ಡಿಬೊಂಬೆ ಬರೆದು ಎಲ್ಲಿ ಯಾವ ಸಾಲು ಅಂತ ಹಾಕಿ. ಆಗ ಬರಹದಲ್ಲಿ ಕಾಣದ ಸಂಗತಿಗಳು ಕಾಣುತ್ತವೆ. ಬಲಪುಟದ ಕೊನೆಯಲ್ಲಿ ಏನಾದರೂ ಬಾಕಿ ಇಡಬೇಕು, ಹಾಳೆ ತಿರುಗಿಸಿದರೆ ಅದು ಗೊತ್ತಾಗಬೇಕು. "ಪೊರಕೆಗೆ ಏನೋ ತಗುಲಿತು. ಗಡಗಡ..." ಇದು ಬಲಪುಟ. ತಿರುಗಿಸಿದರೆ ಆನೆ. ಎರಡು ಪುಟ ಸೇರುವ ಮಡಿಕೆಯಲ್ಲಿ ಆನೆಯ ಮುಖ ಬರಬಾರದು, ನುಂಗಿಹೋಗುತ್ತದೆ. ಹೊರಟ ಆನೆ ಬಲಕ್ಕೆ ಮುಖ ಮಾಡಿರಲಿ, ಚನ್ನಪಟ್ಟಣದಿಂದ ವಾಪಸ್ಸು ಬರುವಾಗ ಎಡಕ್ಕೆ. ಮಗು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆನೆ ಹಿಂದಿರುಗುತ್ತಿದೆ ಅಂತ ಅದಕ್ಕೆ ತಿಳಿಯುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಬರಹದಲ್ಲಿ "ದುಃಖತಪ್ತಳಾಗಿ", "ಅಚ್ಚರಿಚಕಿತನಾದ" ಎಲ್ಲ ಬಂದಿವೆ. ರಾತ್ರಿ ಮಗಳಿಗೆ ಕಥೆ ಹೇಳುವಾಗ ನೀವು ಹೀಗೆ ಮಾತಾಡುವುದಿಲ್ಲ ಅಲ್ವಾ? ಆ ರಾತ್ರಿಯ ಮಾತನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅದರಿಂದ ಆರಿಸಿ. ಕನ್ನಡದಲ್ಲಿ ಸದ್ದಿನ ಮಾತುಗಳಿಗೆ ಬರವಿಲ್ಲ. ಗಾಲಿಗೆ ಗಡಗಡ, ಮಳೆಗೆ ಪಟಪಟ, ಲೇತಿಗೆ ಗಿರ್ರ್. ಒಂದೊಂದು ಜಾಗಕ್ಕೆ ಒಂದೊಂದು ಸದ್ದು ಇಟ್ಟರೆ ಓದಲು ಬಾರದ ಮಗುವೂ ಎರಡನೇ ಸಲಕ್ಕೆ ಜೊತೆ ಸೇರುತ್ತದೆ. ದೊಡ್ಡವರು ಓದಿ ಹೇಳುವ ಪುಸ್ತಕವಾದರೆ ಒತ್ತಕ್ಷರಕ್ಕೆ ಹೆದರಬೇಕಿಲ್ಲ. ಮಗುವೇ ಓದಲಿ ಅಂತಿದ್ದರೆ ಒತ್ತು ಕಡಿಮೆ ಇರಲಿ. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗ ಬಿಡಿ. ನಮ್ಮ ಒತ್ತುಗಳು ಕೆಳಗಿಳಿಯುತ್ತವೆ, ಇಂಗ್ಲಿಷಿನ ಅಳತೆ ಇಟ್ಟರೆ ಕೆಳಗಿನ ಸಾಲಿನ ತಲೆಗೆ ಬಡಿಯುತ್ತವೆ.

ಚಿತ್ರ ನೀವೇ ಬರೆಯಬೇಕಾಗಿಲ್ಲ. ಪ್ರಕಾಶಕರಿಗೆ ಕಳಿಸುವುದಾದರೆ ಬರೀ ಕಥೆ ಕಳಿಸಿ, ಚಿತ್ರಕಾರರನ್ನು ಅವರೇ ಹುಡುಕುತ್ತಾರೆ. ನೆಂಟರ ಹುಡುಗನ ಹತ್ತಿರ ಬರೆಸಿ ಜೊತೆಗೆ ಕಳಿಸಿದರೆ ಕಥೆಗೂ ಪೆಟ್ಟು ಬೀಳುತ್ತದೆ. ಆದರೆ ಈ ಕಥೆಯಲ್ಲಿ ಅರ್ಧ ವಿಷಯ ಚಿತ್ರದಲ್ಲೇ ಇರುವುದರಿಂದ, ಪ್ರತಿ ಜೋಡಿಪುಟದ ಕೆಳಗೆ ಚಿತ್ರದಲ್ಲಿ ಏನಿರಬೇಕು ಅಂತ ಒಂದು ಸಾಲು ಬರೆಯಿರಿ. "ಸೊಂಡಿಲು ರಾಶಿಯಿಂದ ಹೊರಗೆ, ಪುಟ್ಟಿಗೆ ಕಂಡಿಲ್ಲ." ಅಷ್ಟೇ. ಪುಟ್ಟಿಯ ಫ್ರಾಕಿನ ಬಣ್ಣ, ಅಮ್ಮನ ಸೀರೆಯ ಅಂಚು ಎಲ್ಲ ಚಿತ್ರಕಾರರ ಪಾಲಿಗೆ ಬಿಡಿ. ನೀವೇ ದುಡ್ಡು ಕೊಟ್ಟು ಬರೆಸುವುದಾದರೆ ಚಿತ್ರದ ಹಕ್ಕು ಯಾರದು, ಮುಂದೆ ಎಲ್ಲೆಲ್ಲಿ ಬಳಸಬಹುದು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಮುಖಪುಟದಲ್ಲಿ ಅವರ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿರಲಿ.

ಕಳಿಸುವ ಮುಂಚೆ ಡಮ್ಮಿಯನ್ನು ಬೇರೆ ಮಕ್ಕಳಿಗೆ ಓದಿ. ನಿಮ್ಮ ಮಗಳಿಗೆ ಆನೆಯ ಕಥೆ ಮೊದಲೇ ಗೊತ್ತು, ಅವಳು ಪರೀಕ್ಷೆಗೆ ಆಗುವುದಿಲ್ಲ. ಅಕ್ಕಪಕ್ಕದ ಮನೆಯ ಎರಡು ಮೂರು ಮಕ್ಕಳನ್ನು ಕೂರಿಸಿಕೊಳ್ಳಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಮರ್ಯಾದೆಗೆ ಹೂಂ ಅನ್ನುತ್ತಾರೆ. ಬೆರಳು ಎಲ್ಲಿ ಹೋಗುತ್ತದೆ ನೋಡಿ. ಆನೆಯನ್ನು ತೋರಿಸಲು ಬೆರಳು ಮುಂದೆ ಬರದ ಪುಟ ಯಾವುದೋ ಅದನ್ನು ತಿದ್ದಿ.

ಎಲ್ಲಿಗೆ ಕಳಿಸುವುದು? ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಇದೆ, ಲಾಭಕ್ಕಾಗಿ ಅಲ್ಲದ ಸಂಸ್ಥೆ, ಕನ್ನಡದಲ್ಲಿ ಚಿತ್ರಪುಸ್ತಕ ತರುತ್ತದೆ. ಅವರದೇ ಸ್ಟೋರಿವೀವರ್ ಅನ್ನುವ ತಾಣ 2015ರಿಂದ ಇದೆ. ಅಲ್ಲಿ ಯಾರು ಬೇಕಾದರೂ ಕಥೆ ಹಾಕಬಹುದು, ಅಲ್ಲಿರುವ ಚಿತ್ರಗಳನ್ನು ಬಳಸಿಕೊಳ್ಳಬಹುದು. ಕಥೆಗಳನ್ನು ಹಂತ ಹಂತವಾಗಿ ಇಟ್ಟಿದ್ದಾರೆ. ಮೊದಲ ಹಂತ 250 ಪದದೊಳಗೆ, ಎರಡನೆಯದು 600ರೊಳಗೆ. ನಿಮ್ಮದು ಎರಡನೆಯದಕ್ಕೆ ಸರಿ. ಆದರೆ ಒಂದು ತಿಳಿದಿರಲಿ. ಅಲ್ಲಿ ಹಾಕಿದ ಕಥೆ ಮುಕ್ತ ಪರವಾನಗಿಯಲ್ಲಿ ಹೋಗುತ್ತದೆ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಅನುವಾದಿಸಬಹುದು, ಬದಲಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಒಪ್ಪಿಗೆ ಇದ್ದರೆ ಹಾಕಿ. ಇಲ್ಲದಿದ್ದರೆ ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ಇವರೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತಂದಿದ್ದಾರೆ. ಹಸ್ತಪ್ರತಿ ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಮೊದಲು ಕೇಳಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು.

ಮನೆಮಂದಿಗೆ, ಶಾಲೆಗೆ ಹಂಚಲು ಸಾಕು ಅಂತಿದ್ದರೆ ಡಿಜಿಟಲ್ ಪ್ರಿಂಟಿನಲ್ಲಿ ಐವತ್ತು ಪ್ರತಿಯನ್ನೂ ಹಾಕಿಸಬಹುದು. ಒಂದೊಂದು ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಮನೆಯಲ್ಲಿ ಕಟ್ಟು ಕಟ್ಟಾಗಿ ಪುಸ್ತಕ ಉಳಿಯುವುದಿಲ್ಲ. ಅಂಗಡಿಯಲ್ಲಿ ಮಾರುವ ಯೋಚನೆ ಇದ್ದರೆ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಆನ್‌ಲೈನಿನಲ್ಲೇ ಅರ್ಜಿ. ದುಡ್ಡು ಕೊಟ್ಟರೆ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಕೃತಿಸ್ವಾಮ್ಯಕ್ಕೂ ನೋಂದಣಿ ಕಡ್ಡಾಯವಲ್ಲ. 1957ರ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಅದು ನಿಮ್ಮದು.